ಆಯ್ಕೆಯ ಕೀರ್ತಿ, ಕಲಿಕೆಯ ಹೊರೆ

6ರಿಂದ 14 ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಮನೆಯ ನೆರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ ಎಂದು ಭಾರತದ ಕಾನೂನು ಹೇಳುತ್ತದೆ. ಆದರೂ ಬೆಂಗಳೂರಿನಂಥ ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಸೀಟಿಗಾಗಿ ಓಡಾಟ ಆರಂಭವಾಗಿರುತ್ತದೆ. ಹೆಸರಾಂತ ಖಾಸಗಿ ಶಾಲೆಗಳಲ್ಲಿ ಹಲವು, ಬರುವ ಬೇಸಿಗೆಯ ನಂತರ ತೆರೆಯಬೇಕಾದ ತರಗತಿಗಳಿಗೆ ಅದರ ಹಿಂದಿನ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲೇ ಅರ್ಜಿ ಕರೆಯುತ್ತವೆ. ಅರ್ಜಿಯ ಶುಲ್ಕ ಕಟ್ಟಿ, ತಂದೆತಾಯಿಯರ ವಿದ್ಯಾರ್ಹತೆ, ಉದ್ಯೋಗ, ಮನೆಯ ಭಾಷೆ ಇತ್ಯಾದಿ ವಿವರಗಳನ್ನು ತುಂಬಿಕೊಟ್ಟ ಮೇಲೆ ‘ಸಂವಾದ’ಕ್ಕೆ ಕರೆ ಬರುವುದನ್ನು ಕುಟುಂಬವೊಂದು ಕಾಯುತ್ತ ಕೂರುತ್ತದೆ. ಸೀಟು ಸಿಕ್ಕ ಮನೆಗಳಲ್ಲಿ ಮುಂದಿನ ಜೂನ್‌ನಿಂದ ಹೋಂವರ್ಕ್, ಯೂನಿಟ್ ಟೆಸ್ಟ್, ಪ್ರಾಜೆಕ್ಟ್, ಟ್ಯೂಷನ್‌ಗಳ ಇನ್ನೊಂದು ಸುತ್ತು ತೊಡಗುತ್ತದೆ.

ಪೋಷಕರ ದೂರುಗಳನ್ನು ಸಾಮಾನ್ಯವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು: ಪ್ರವೇಶ ಸಿಗುವುದು ಕಷ್ಟ, ಸಿಕ್ಕ ಮೇಲೆ ಓದಿನ ಹೊರೆ ಹೆಚ್ಚು, ಅದನ್ನು ಹೇಳಿಕೊಳ್ಳಲು ಹೋದರೆ ಶಿಕ್ಷಕರಿಗೆ ಕೇಳಿಸಿಕೊಳ್ಳುವ ಪುರಸೊತ್ತಿಲ್ಲ. ಈ ಮೂರನ್ನು ಬೇರೆಬೇರೆ ಸಮಸ್ಯೆಗಳೆಂದು ನೋಡುವುದು ರೂಢಿಯಾದರೂ ಇವುಗಳ ಬೇರು ಬಹುಮಟ್ಟಿಗೆ ಒಂದೇ. ಒಂದು ಶಾಲೆ ಎಂಥ ಮಕ್ಕಳನ್ನು ಆರಿಸಿಕೊಂಡಿತು ಎಂಬುದರಿಂದ ಬಂದ ಕೀರ್ತಿಯನ್ನು, ಅದು ಬಂದ ಮಕ್ಕಳಿಗೆ ಹೇಗೆ ಕಲಿಸುತ್ತದೆ ಎಂಬುದರ ಕೀರ್ತಿಯೆಂದು ಸಮಾಜ ತಿಳಿದುಕೊಂಡಿದೆ. ಪೋಷಕರು ಆಯ್ಕೆಯ ಸರದಿಯಲ್ಲಿ ನಿಲ್ಲುವುದಕ್ಕೂ, ಆ ಕೀರ್ತಿಯನ್ನು ಉಳಿಸಿಕೊಳ್ಳಲು ಶಾಲೆಗಳು ಮಕ್ಕಳ ಮೇಲೆ ಭಾರ ಹೇರುವುದಕ್ಕೂ ಈ ತಪ್ಪು ತಿಳಿವಳಿಕೆಯೇ ಕಾರಣವಾಗಿದೆ.

ಪ್ರವೇಶ: ಕಾನೂನಿನ ಮಾತು, ಶಾಲೆಯ ರೂಢಿ

2002ರಲ್ಲಿ ಸಂವಿಧಾನಕ್ಕೆ ಮಾಡಿದ 86ನೆಯ ತಿದ್ದುಪಡಿಯು 21ಎ ವಿಧಿಯನ್ನು ಸೇರಿಸಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದನ್ನು ಜಾರಿಗೆ ತರಲು 2009ರಲ್ಲಿ ಸಂಸತ್ತು ಒಪ್ಪಿದ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಜನರ ಬಾಯಲ್ಲಿ ಆರ್‌ಟಿಇ, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಈ ಕಾಯ್ದೆಯ 13ನೆಯ ಸೆಕ್ಷನ್ ಎರಡು ರೂಢಿಗಳನ್ನು ನೇರವಾಗಿ ನಿಷೇಧಿಸುತ್ತದೆ. ಮೊದಲನೆಯದು ಕ್ಯಾಪಿಟೇಷನ್ ಶುಲ್ಕ: ಶಾಲೆಯು ಪ್ರಕಟಿಸಿದ ಶುಲ್ಕವಲ್ಲದೆ ಬೇರೆ ಯಾವ ಹೆಸರಿನಲ್ಲಾದರೂ ಪಡೆಯುವ ವಂತಿಗೆ ಅಥವಾ ಪಾವತಿ, ಜನ ಡೊನೇಷನ್ ಎನ್ನುವುದು ಇದನ್ನೇ. ಎರಡನೆಯದು ಸೋಸುವ ಪ್ರಕ್ರಿಯೆ: ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಲು ಲಾಟರಿಯಂಥ ಯಾದೃಚ್ಛಿಕ ವಿಧಾನವಲ್ಲದೆ ಬಳಸುವ ಯಾವುದೇ ಆಯ್ಕೆಯ ಕ್ರಮ. ಡೊನೇಷನ್ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಮಗುವನ್ನೋ ಪೋಷಕರನ್ನೋ ಪರೀಕ್ಷೆ, ಸಂದರ್ಶನಗಳಿಗೆ ಒಳಪಡಿಸಿದರೆ ಮೊದಲ ಸಲ 25,000 ರೂಪಾಯಿ, ಆನಂತರದ ಪ್ರತಿ ಸಲಕ್ಕೂ 50,000 ರೂಪಾಯಿಯವರೆಗೆ ದಂಡ ಎಂದು ಕಾಯ್ದೆ ನಿಗದಿಪಡಿಸಿದೆ.

ಇಷ್ಟು ಸ್ಪಷ್ಟವಾದ ನಿಷೇಧವಿದ್ದೂ ಸಂದರ್ಶನಗಳು ನಡೆಯುವುದಕ್ಕೆ ಕಾಯ್ದೆಯ ರಚನೆಯಲ್ಲೇ ಒಂದು ಕಿಂಡಿಯಿದೆ. ಕಾಯ್ದೆಯ ದೃಷ್ಟಿಯಲ್ಲಿ ‘ಮಗು’ ಎಂದರೆ 6 ವರ್ಷ ತುಂಬಿದವರು. ಸೀಟುಗಳು ಭರ್ತಿಯಾಗುವುದಾದರೋ ನರ್ಸರಿ ಮತ್ತು ಎಲ್‌ಕೆಜಿಯಲ್ಲಿ, ಅಂದರೆ ಮಗುವಿಗೆ ಮೂರೋ ನಾಲ್ಕೋ ವರ್ಷವಿರುವಾಗ. ಮೀಸಲು ಸೀಟುಗಳನ್ನು ಹೊರತುಪಡಿಸಿದರೆ ನರ್ಸರಿ ಪ್ರವೇಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2013ರಲ್ಲಿ ದೆಹಲಿ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಹೀಗೆ 1ನೆಯ ತರಗತಿಯ ಬಾಗಿಲಲ್ಲಿ ಕಾನೂನು ಕಾವಲು ನಿಲ್ಲುವಷ್ಟರಲ್ಲಿ ಸೋಸುವ ಕೆಲಸ ಅದಕ್ಕೆ ಎರಡು ಮೂರು ವರ್ಷ ಮೊದಲೇ ಮುಗಿದಿರುತ್ತದೆ. ಡೊನೇಷನ್‌ನ ವಿಷಯದಲ್ಲೂ ಇಂಥದ್ದೇ ದಾರಿಯಿದೆ: ನಿಷೇಧವಿರುವುದು ಪ್ರಕಟಿಸದ ಹಣಕ್ಕಾದ್ದರಿಂದ ಪ್ರವೇಶ ಶುಲ್ಕ, ಅಭಿವೃದ್ಧಿ ಶುಲ್ಕ ಎಂಬ ಹೆಸರುಗಳಲ್ಲಿ ದೊಡ್ಡ ಮೊತ್ತವನ್ನೇ ಶುಲ್ಕದ ಪಟ್ಟಿಗೆ ಸೇರಿಸಿಬಿಟ್ಟರೆ ಅದು ಮೇಲುನೋಟಕ್ಕಾದರೂ ಡೊನೇಷನ್ ಆಗುವುದಿಲ್ಲ. ಈ ಪ್ರಶ್ನೆಯ ಕುರಿತು ಸುಪ್ರೀಂ ಕೋರ್ಟ್ ನೀಡಿದ ಎರಡು ಮುಖ್ಯ ತೀರ್ಪುಗಳು ಕರ್ನಾಟಕದ ಮೊಕದ್ದಮೆಗಳಿಂದಲೇ ಹುಟ್ಟಿದವು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ನ್ಯಾಯಾಲಯ ಕ್ಯಾಪಿಟೇಷನ್ ಶುಲ್ಕವನ್ನು ಸಂವಿಧಾನಕ್ಕೆ ವಿರುದ್ಧವೆಂದಿತು, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ, ಅನುದಾನರಹಿತ ಸಂಸ್ಥೆಗಳಿಗೆ ತಮ್ಮ ಶುಲ್ಕವನ್ನು ತಾವೇ ನಿಗದಿಪಡಿಸುವ ಸ್ವಾತಂತ್ರ್ಯವಿದ್ದರೂ ಲಾಭಕೋರತನಕ್ಕೆ ಅವಕಾಶವಿಲ್ಲ ಎಂದಿತು. ನ್ಯಾಯವಾದ ಶುಲ್ಕ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಆರಂಭವಾಗುತ್ತದೆ ಎಂಬ ಜಗಳ ಅಂದಿನಿಂದ ಇಂದಿನವರೆಗೂ ಪ್ರತಿ ಬೇಸಿಗೆಯಲ್ಲಿ ಮರುಕಳಿಸುತ್ತಿದೆ.

ಅದೇ ಕಾಯ್ದೆಯ 12ನೆಯ ಸೆಕ್ಷನ್, ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶದ ಮೊದಲ ತರಗತಿಯ ಕನಿಷ್ಠ 25 ಶೇಕಡಾ ಸೀಟುಗಳನ್ನು ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಸಮುದಾಯಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕು ಎನ್ನುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2014ರ ಮೇ 6ರಂದು ಸಂವಿಧಾನ ಪೀಠವು ಅಲ್ಪಸಂಖ್ಯಾತರ ಶಾಲೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿತು. ಕರ್ನಾಟಕದಲ್ಲಿ 2012-13ರಿಂದ ಸಾವಿರಾರು ಮಕ್ಕಳು ಈ ದಾರಿಯಲ್ಲಿ ಖಾಸಗಿ ಶಾಲೆ ಸೇರಿದರು. ಆದರೆ 2019ರಲ್ಲಿ ರಾಜ್ಯ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಸೀಟು ಮೀಸಲಿಡಬೇಕಾಗಿಲ್ಲ ಎಂದಿತು. ಸರ್ಕಾರಿ ಶಾಲೆ ಇಲ್ಲದ ನೆರೆಹೊರೆ ರಾಜ್ಯದಲ್ಲಿ ಅಪರೂಪವಾದ್ದರಿಂದ ಈ ಬಾಗಿಲು ಬಹುತೇಕ ಮುಚ್ಚಿತು. ಸರ್ಕಾರದ ವಾದ ಸರಳವಾಗಿತ್ತು: ತನ್ನ ಶಾಲೆಗಳು ಖಾಲಿಯಾಗುತ್ತಿರುವಾಗ ಖಾಸಗಿ ಶಾಲೆಗಳಿಗೆ ಬೊಕ್ಕಸದಿಂದ ಶುಲ್ಕ ಭರಿಸುವುದೇಕೆ? ಆ ವಾದದಲ್ಲಿ ಹುರುಳಿದ್ದರೂ, ಆಯ್ಕೆಯೇ ಇಲ್ಲದೆ ಲಾಟರಿಯಿಂದ ಮಕ್ಕಳು ಬರುತ್ತಿದ್ದ ಏಕೈಕ ದಾರಿ ಆ ಶಾಲೆಗಳಿಂದ ಮರೆಯಾಯಿತು ಎಂಬುದನ್ನೂ ಗಮನಿಸಬೇಕು.

ವಯಸ್ಸಿನ ನಿಯಮವೂ ಪೋಷಕರನ್ನು ಸಾಕಷ್ಟು ಕಾಡಿದೆ. 1ನೆಯ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿ, ಈಗಾಗಲೇ ಪೂರ್ವಪ್ರಾಥಮಿಕ ತರಗತಿಗಳಲ್ಲಿದ್ದ ಮಕ್ಕಳಿಗೆ ತೊಂದರೆಯಾಗದಂತೆ ಜಾರಿಯನ್ನು 2025-26ಕ್ಕೆ ಮುಂದೂಡಿತು; ಆ ವರ್ಷ ಬಂದಾಗ ಪೋಷಕರ ಒತ್ತಾಯಕ್ಕೆ ಮಣಿದು, ಯುಕೆಜಿ ಮುಗಿಸಿದ ಮಕ್ಕಳಿಗೆ ಅದೊಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಎಂಬ ಸಡಿಲಿಕೆ ಕೊಟ್ಟಿತು. ಒಂದು ವರ್ಷ ‘ಹಾಳಾಗುತ್ತದೆ’ ಎಂಬ ಅಳಲು ಇದರ ಹಿಂದಿತ್ತು. ಆದರೆ ಒಂದೇ ತರಗತಿಯ ಹಿರಿಯ ಮತ್ತು ಕಿರಿಯ ಮಗುವಿನ ನಡುವೆ 12 ತಿಂಗಳ ಅಂತರವಿದ್ದರೆ, 6 ವರ್ಷದ ಪ್ರಾಯದಲ್ಲಿ ಅದು ಇಡೀ ಬದುಕಿನ ಆರನೆಯ ಒಂದು ಭಾಗ. ಪೆನ್ಸಿಲ್ ಹಿಡಿಯುವ ಬೆರಳಿನ ಬಲ, ಒಂದೆಡೆ ಕುಳಿತು ಕೇಳುವ ತಾಳ್ಮೆ ಈ ಅಂತರದಲ್ಲಿ ಬಹಳ ಬೆಳೆಯುತ್ತವೆ. ‘ದಡ್ಡ’ ಎನಿಸಿಕೊಳ್ಳುವ ಮಗು ಎಷ್ಟೋ ಸಲ ತರಗತಿಯ ಕಿರಿಯ ಮಗುವಷ್ಟೇ ಆಗಿರುತ್ತದೆ.

ಆರಿಸುವುದು ಬೇರೆ, ಕಲಿಸುವುದು ಬೇರೆ

ಶಾಲೆಯೊಂದರ ಗೇಟಿನ ಮೇಲೆ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 620 ದಾಟಿದ ಮಕ್ಕಳ ಭಾವಚಿತ್ರಗಳ ಫ್ಲೆಕ್ಸ್ ಕಟ್ಟಿದಾಗ ಅದನ್ನು ಹೆಚ್ಚು ಆಸಕ್ತಿಯಿಂದ ನೋಡುವವರು ಎಲ್‌ಕೆಜಿ ಸೇರಿಸಲು ಬಂದ ತಂದೆತಾಯಿಯರು. ಆ ಅಂಕಗಳಿಗೆ ಶಾಲೆಯ ಬೋಧನೆ ಎಷ್ಟು ಕಾರಣ, ಓದಿದ ತಂದೆತಾಯಿ, ಮನೆಯ ಪುಸ್ತಕಗಳು, ಸಂಜೆಯ ಟ್ಯೂಷನ್, 9ನೆಯ ತರಗತಿಯಲ್ಲೇ ಹಿಂದುಳಿದವರನ್ನು ಬೇರೆ ಶಾಲೆಗೆ ಕಳುಹಿಸಿದ ಕ್ರಮ ಎಷ್ಟು ಕಾರಣ ಎಂಬುದನ್ನು ಆ ಫ್ಲೆಕ್ಸ್ ಹೇಳಲಾರದು. ಬಿತ್ತುವ ಮೊದಲೇ ಗಟ್ಟಿ ಕಾಳನ್ನು ಆರಿಸಿಟ್ಟುಕೊಂಡವನ ಇಳುವರಿಯಿಂದ ಅವನ ಬೇಸಾಯದ ಗುಣವನ್ನು ಅಳೆಯಲಾಗುವುದಿಲ್ಲ.

ಈ ಎರಡನ್ನೂ ಬೇರ್ಪಡಿಸಿ ನೋಡಲು ಸಂಶೋಧಕರಿಗೆ ಇರುವ ಒಳ್ಳೆಯ ಉಪಾಯ ಲಾಟರಿ. ಒಂದೇ ಬಗೆಯ ಕುಟುಂಬಗಳ ಮಕ್ಕಳಲ್ಲಿ ಕೆಲವರಿಗೆ ಚೀಟಿಯ ಅದೃಷ್ಟದಿಂದ ಒಂದು ಶಾಲೆ, ಉಳಿದವರಿಗೆ ಇನ್ನೊಂದು ಶಾಲೆ ಸಿಕ್ಕರೆ, ಮುಂದೆ ಕಾಣುವ ವ್ಯತ್ಯಾಸಕ್ಕೆ ಶಾಲೆಯೇ ಕಾರಣವೆಂದು ಹೇಳಬಹುದು. 2008ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಇಂಥದೊಂದು ಅಧ್ಯಯನ ಆರಂಭವಾಯಿತು; ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿಯಿಂದ ಆಯ್ದವರಿಗೆ ಖಾಸಗಿ ಶಾಲೆಯ ಶುಲ್ಕ ಭರಿಸುವ ವೋಚರ್ ಕೊಡಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ನಾಲ್ಕು ವರ್ಷಗಳ ಬಳಿಕವೂ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಖಾಸಗಿ ಶಾಲೆಗೆ ಹೋದವರು ಮುಂದಿದ್ದದ್ದು ಸರ್ಕಾರಿ ಶಾಲೆಗಳು ಅಷ್ಟಾಗಿ ಕಲಿಸದ ಹಿಂದಿಯಲ್ಲಿ. ಖಾಸಗಿ ಶಾಲೆಗಳು ಇದನ್ನು ಮಗುವೊಂದಕ್ಕೆ ಸರ್ಕಾರ ಮಾಡುವ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಸಾಧಿಸಿದವು ಎಂಬುದು ಅವುಗಳ ಪರವಾದ ಮಾತು. ಇವು ಹಳ್ಳಿಯ ಅಗ್ಗದ ಶಾಲೆಗಳೇ ಹೊರತು ಬೆಂಗಳೂರಿನ ದುಬಾರಿ ಶಾಲೆಗಳಲ್ಲವಾದ್ದರಿಂದ ಫಲಿತಾಂಶವನ್ನು ನೇರವಾಗಿ ಅನ್ವಯಿಸುವಂತಿಲ್ಲ. ಆದರೆ ಅಮೆರಿಕದ ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಕಠಿಣ ಪ್ರವೇಶ ಪರೀಕ್ಷೆಯಿರುವ ಪ್ರತಿಷ್ಠಿತ ಸರ್ಕಾರಿ ಪ್ರೌಢಶಾಲೆಗಳ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವೂ, ಕೂದಲೆಳೆಯಲ್ಲಿ ಸೀಟು ಸಿಕ್ಕವರಿಗೂ ಕೂದಲೆಳೆಯಲ್ಲಿ ತಪ್ಪಿದವರಿಗೂ ಮುಂದಿನ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲವೆಂದು ಕಂಡುಕೊಂಡಿತು.

ಬಡ ಮಕ್ಕಳು ಜೊತೆಗೆ ಕುಳಿತರೆ ತಮ್ಮ ಮಕ್ಕಳ ಓದು ಕೆಡುತ್ತದೆ ಎಂಬ ಭಯ ಹಲವು ಪೋಷಕರಲ್ಲಿದೆ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಮೀಸಲು ಸೀಟು ಜಾರಿಯಾದ ಮೇಲಿನ ಸ್ಥಿತಿಯನ್ನು ಅಭ್ಯಸಿಸಿದ ಗೌತಮ್ ರಾವ್ 2019ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳೂ ಕಡಿಮೆ ಭೇದಭಾವದವರೂ ಆಗಿದ್ದರೆಂದೂ, ಇಂಗ್ಲಿಷ್‌ನಲ್ಲಿ ಕಂಡ ಸಣ್ಣ ಕುಸಿತವನ್ನು ಬಿಟ್ಟರೆ ಒಟ್ಟು ಕಲಿಕೆಗೆ ಧಕ್ಕೆಯಾಗಲಿಲ್ಲವೆಂದೂ ತೋರಿಸಿದ್ದಾರೆ. ಸೋಸಿದ ತರಗತಿಯಲ್ಲಿ ಮಾತ್ರ ಒಳ್ಳೆಯ ಕಲಿಕೆ ಸಾಧ್ಯ ಎಂಬ ನಂಬಿಕೆಗೆ ಪೋಷಕರು ತೆರುವ ಬೆಲೆ ಅದರಿಂದ ಸಿಗುವ ಲಾಭಕ್ಕಿಂತ ಬಹಳ ದೊಡ್ಡದು.

ಹೊರೆಯ ತೂಕ ಮತ್ತು ಅರ್ಥವಾಗದಿರುವುದರ ತೂಕ

ಶಾಲಾ ಮಕ್ಕಳ ಹೊರೆಯನ್ನು ರಾಷ್ಟ್ರದ ಚರ್ಚೆಯಾಗಿಸಿದ ಕೀರ್ತಿ ಮೈಸೂರಿನ ಲೇಖಕರೊಬ್ಬರಿಗೆ ಸಲ್ಲುತ್ತದೆ. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದ ಆರ್.ಕೆ. ನಾರಾಯಣ್ 1989ರಲ್ಲಿ ಮಾಡಿದ ತಮ್ಮ ಚೊಚ್ಚಲ ಭಾಷಣದ ವಿಷಯವಾಗಿ ಆರಿಸಿಕೊಂಡದ್ದು ಮಕ್ಕಳ ಶಾಲಾ ಚೀಲದ ಭಾರವನ್ನು. ಆ ಚರ್ಚೆಯ ಮುಂದುವರಿಕೆಯಾಗಿ ಕೇಂದ್ರ ಸರ್ಕಾರ 1992ರಲ್ಲಿ ವಿಜ್ಞಾನಿ ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1993ರ ಜುಲೈನಲ್ಲಿ ಸಲ್ಲಿಸಿದ, ಹೊರೆಯಿಲ್ಲದ ಕಲಿಕೆ ಎಂಬ ಅರ್ಥದ ಹೆಸರಿನ ವರದಿಯಲ್ಲಿ ಸಮಿತಿ ಒಂದು ಮುಖ್ಯ ಮಾತು ಹೇಳಿತು: ಚೀಲದ ಭಾರಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು ಓದಿದ್ದು ಅರ್ಥವಾಗದಿರುವುದರ ಭಾರ. ಪ್ರಾಥಮಿಕ ತರಗತಿಗಳಲ್ಲಿ ಮನೆಯ ಪರಿಸರವನ್ನು ಗಮನಿಸುವಂಥ ಚಟುವಟಿಕೆಗಳಲ್ಲದೆ ಬೇರೆ ಹೋಂವರ್ಕ್ ಕೊಡಬಾರದು, ನರ್ಸರಿ ಪ್ರವೇಶಕ್ಕೆ ಪರೀಕ್ಷೆ ಮತ್ತು ಸಂದರ್ಶನಗಳನ್ನು ರದ್ದುಪಡಿಸಬೇಕು ಎಂಬುವು ಅದರ ಶಿಫಾರಸುಗಳಲ್ಲಿ ಸೇರಿದ್ದವು. ಪ್ರವೇಶ ಮತ್ತು ಹೊರೆ ಒಂದೇ ಬಳ್ಳಿಯವು ಎಂಬುದನ್ನು ಆ ಸಮಿತಿ ಮೂರು ದಶಕಗಳ ಹಿಂದೆಯೇ ಗುರುತಿಸಿತ್ತು.

ತೂಕದ ಮಟ್ಟಿಗೆ ನಿಯಮಗಳು ಬಂದಿವೆ. ಕರ್ನಾಟಕ ಸರ್ಕಾರದ 2019ರ ಆದೇಶದಂತೆ 1 ಮತ್ತು 2ನೆಯ ತರಗತಿಯ ಮಕ್ಕಳ ಚೀಲ ಒಂದೂವರೆಯಿಂದ 2 ಕಿಲೊ, 3ರಿಂದ 5ನೆಯ ತರಗತಿಯವರದು 2ರಿಂದ 3 ಕಿಲೊ ಮೀರಬಾರದು; ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನವಾಗಬೇಕು. ಕೇಂದ್ರದ 2020ರ ಶಾಲಾ ಚೀಲ ನೀತಿಯು ಚೀಲದ ತೂಕ ಮಗುವಿನ ದೇಹತೂಕದ 10 ಶೇಕಡಾ ಮೀರಬಾರದೆಂದೂ, 2ನೆಯ ತರಗತಿಯವರೆಗೆ ಹೋಂವರ್ಕ್ ಇರಬಾರದೆಂದೂ, 3ರಿಂದ 5ನೆಯ ತರಗತಿಯವರೆಗೆ ಅದು ವಾರಕ್ಕೆ 2 ಗಂಟೆ ಮೀರಬಾರದೆಂದೂ ಹೇಳುತ್ತದೆ. ವಾರಕ್ಕೆ ಎರಡು ಗಂಟೆ ಎಂದರೆ ಐದು ದಿನಗಳಲ್ಲಿ ದಿನಕ್ಕೆ 24 ನಿಮಿಷ. ನಾಲ್ಕು ಗೆರೆ ಪುಸ್ತಕದ ಎರಡು ಪುಟ ಕಾಪಿ ರೈಟಿಂಗ್, ಒಂದು ಪುಟ ಕಾಗುಣಿತ, ಹತ್ತು ಲೆಕ್ಕ, ಮರುದಿನದ ಡಿಕ್ಟೇಷನ್‌ಗೆ ಸ್ಪೆಲ್ಲಿಂಗ್ ಬಾಯಿಪಾಠ ಎಂದು ಡೈರಿಯಲ್ಲಿ ಬರೆದು ಕಳುಹಿಸುವ ಶಾಲೆ ಈ ಮಿತಿಯನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತಿದೆ ಎಂಬುದನ್ನು ಪೋಷಕರು ಗಡಿಯಾರ ನೋಡಿಯೇ ಅಳೆಯಬಹುದು.

ಹೋಂವರ್ಕ್‌ನಿಂದ ಲಾಭವಾದರೂ ಇದೆಯೇ ಎಂಬ ಪ್ರಶ್ನೆಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಅವರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಕೊಟ್ಟ ಉತ್ತರ ಬಹಳ ಉಲ್ಲೇಖಗೊಂಡಿದೆ: ಮೇಲಿನ ತರಗತಿಗಳಲ್ಲಿ ಹೋಂವರ್ಕ್‌ಗೂ ಸಾಧನೆಗೂ ಸಾಕಷ್ಟು ಸಂಬಂಧವಿದೆ, ಕೆಳಗಿನ ತರಗತಿಗಳಲ್ಲಿ ಆ ಸಂಬಂಧ ಬಹಳ ದುರ್ಬಲ. ಆದರೂ ಪ್ರಾಥಮಿಕ ಶಾಲೆಗಳು ಹೋಂವರ್ಕ್ ಬಿಡದಿರುವುದಕ್ಕೆ ಪೋಷಕರ ಪಾಲೂ ಇದೆ. ಮಗು ತರಗತಿಯಲ್ಲಿ ಏನು ಗ್ರಹಿಸಿತು ಎಂಬುದು ಹೊರಗಿನವರಿಗೆ ಕಾಣದು, ತುಂಬಿದ ನೋಟ್‌ಬುಕ್ ಕಾಣುತ್ತದೆ. ಶುಲ್ಕ ಕಟ್ಟಿದವರಿಗೆ ಕಾಣುವಂಥ ಸಾಕ್ಷ್ಯ ಬೇಕು. ಹೋಂವರ್ಕ್ ಕಡಿಮೆ ಮಾಡಿದ ಶಾಲೆಯನ್ನು ‘ಏನೂ ಹೇಳಿಕೊಡುವುದಿಲ್ಲ’ ಎಂದು ತಾವೇ ದೂರುವ ಪೋಷಕರೂ ಇದ್ದಾರೆ. ಥರ್ಮೊಕೋಲ್‌ನ ಜ್ವಾಲಾಮುಖಿ, ಸೌರಮಂಡಲದ ಮಾದರಿಗಳನ್ನು ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸುವವರು ತಂದೆತಾಯಿಯರೇ ಆಗಿರುವುದರಿಂದ, ಪ್ರಾಜೆಕ್ಟ್‌ನ ಪ್ರದರ್ಶನ ಮನೆಗಳ ನಡುವಿನ ಪೈಪೋಟಿಯಾಗಿ, ಹಾಗೆ ಕೂರಲು ಬಿಡುವಿಲ್ಲದ ಮನೆಯ ಮಗು ಹಿಂದೆ ಬೀಳುತ್ತದೆ.

ಯಶ್‌ಪಾಲ್ ಸಮಿತಿ ಹೇಳಿದ ಎರಡನೆಯ ಬಗೆಯ ಭಾರಕ್ಕೆ ಕರ್ನಾಟಕದಲ್ಲಿ ಭಾಷೆಯ ಆಯಾಮವೂ ಇದೆ. 1ರಿಂದ 4ನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ರಾಜ್ಯ ಸರ್ಕಾರ 1994ರಲ್ಲಿ ಹೊರಡಿಸಿದ ಆದೇಶವನ್ನು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಪ್ರಶ್ನಿಸಿದವು. ಎರಡು ದಶಕಗಳ ವ್ಯಾಜ್ಯದ ನಂತರ, ಅಲ್ಪಸಂಖ್ಯಾತರ ಶಾಲೆಗಳ ತೀರ್ಪು ಬಂದ 2014ರ ಮೇ 6ರಂದೇ, ಮಾಧ್ಯಮದ ಆಯ್ಕೆ ಪೋಷಕರದು, ಸರ್ಕಾರ ಅದನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಆಯ್ಕೆಯ ಹಕ್ಕು ಪೋಷಕರದಾದಂತೆ ಅದರ ಪರಿಣಾಮದ ಹೊಣೆಯೂ ಅವರದೇ ಆಯಿತು. ಮನೆಯಲ್ಲಿ ಕನ್ನಡ, ತುಳು, ಉರ್ದು ಅಥವಾ ತೆಲುಗು ಆಡುವ ಮಗುವಿಗೆ ಇಂಗ್ಲಿಷ್‌ನಲ್ಲಿ ಬರೆದ ಪರಿಸರ ಅಧ್ಯಯನದ ಪಾಠ ಎರಡು ಸಲ ಕಲಿಯಬೇಕಾದ ಪಾಠವಾಗುತ್ತದೆ. ವಿಷಯ ತಿಳಿಯುವ ಮೊದಲು ಭಾಷೆ ತಿಳಿಯಬೇಕು, ಅದು ತಿಳಿಯದಿದ್ದಾಗ ಉಳಿಯುವ ದಾರಿ ಬಾಯಿಪಾಠವೊಂದೇ. ಪ್ರಶ್ನೋತ್ತರಗಳನ್ನು ಚಾಚೂ ತಪ್ಪದೆ ಒಪ್ಪಿಸುವ ಮಗುವಿಗೆ ಅದನ್ನೇ ಮನೆಮಾತಿನಲ್ಲಿ ವಿವರಿಸಲು ಹೇಳಿ ನೋಡಿದರೆ ಈ ಭಾರದ ಪ್ರಮಾಣ ಗೊತ್ತಾಗುತ್ತದೆ.

ಇದೇ ರಾಜ್ಯ ಹೊರೆ ಇಳಿಸುವ ಒಂದು ಮಾದರಿಯನ್ನೂ ರೂಪಿಸಿದೆ. ಆಂಧ್ರದ ಋಷಿವ್ಯಾಲಿ ಶಾಲೆಯ ಪ್ರಯೋಗಗಳಿಂದ ಸ್ಫೂರ್ತಿ ಪಡೆದು, ಯುನಿಸೆಫ್‌ನ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆರಂಭಿಸಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳ ನೆರವಿನಿಂದ ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ರ‍್ಯಾಂಕ್ ಇಲ್ಲದ ಈ ಕ್ರಮ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಬಹುವರ್ಗ ಬೋಧನೆಯ ಹೆಸರಿನಲ್ಲಿ ಮೂರು ತರಗತಿಗಳಿಗೆ ಒಬ್ಬರೇ ಶಿಕ್ಷಕರನ್ನು ಒಪ್ಪಿಸುವ ಸಬೂಬೂ ಅದಾಯಿತೆಂಬ ಟೀಕೆಯಲ್ಲಿ ಸತ್ಯವಿದೆ. ಆದರೂ ಮಗುವಿನ ವೇಗವನ್ನು ಒಪ್ಪಿಕೊಂಡು ಕಲಿಸುವುದು ಸಾಧ್ಯ ಎಂಬುದಕ್ಕೆ ಅದು ದುಬಾರಿ ಶಾಲೆಯಲ್ಲಿ ಹುಟ್ಟದೆ ಕಾಡಂಚಿನ ತಾಲ್ಲೂಕಿನಲ್ಲಿ ಹುಟ್ಟಿದ ಪುರಾವೆ.

ಶಿಕ್ಷಕರು: ಎರಡು ಒತ್ತಡಗಳ ನಡುವೆ

ಸ್ಪರ್ಧೆಯ ಶಾಲೆಯಲ್ಲಿ ಪೋಷಕರಿಗೆ ಎದುರಾಗುವ ಮುಖ ಶಿಕ್ಷಕಿಯದಾದ್ದರಿಂದ ಅವರೇ ಹೊರೆಗೆ ಕಾರಣರೆಂದು ತೋರುವುದು ಸಹಜ. ಆದರೆ 40 ಮಕ್ಕಳ ಸೆಕ್ಷನ್ ಒಂದರಲ್ಲಿ ದಿನಕ್ಕೆ ನಾಲ್ಕು ವಿಷಯಗಳ ನೋಟ್‌ಬುಕ್ ತಿದ್ದಬೇಕಾದರೆ ಅವು 160 ಪುಸ್ತಕಗಳು. ಒಂದಕ್ಕೆ ಒಂದೇ ನಿಮಿಷವಿಟ್ಟರೂ 2 ಗಂಟೆ 40 ನಿಮಿಷ ಬೇಕು. ಕೆಂಪು ಶಾಯಿಯ ಸರಿಚಿಹ್ನೆಯಿದ್ದೂ ಕೆಳಗಿನ ತಪ್ಪು ಹಾಗೆಯೇ ಉಳಿದಿರುವುದಕ್ಕೆ ಈ ಲೆಕ್ಕವೇ ವಿವರಣೆ. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು, ಶಿಕ್ಷಕರ ಕೆಲಸ ಪಾಠದ ತಯಾರಿಯೂ ಸೇರಿ ವಾರಕ್ಕೆ 45 ಗಂಟೆ ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಂದು ಕಡೆ ಪಾಠ ‘ಮುಗಿಸಬೇಕು’ ಎನ್ನುವ ಆಡಳಿತ ಮಂಡಳಿ, ಇನ್ನೊಂದು ಕಡೆ ಅರ್ಧ ಅಂಕ ಏಕೆ ಹೋಯಿತೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳುವ ಪೋಷಕರು, ಇವರಿಬ್ಬರ ನಡುವೆ ಸಿಕ್ಕ ಶಿಕ್ಷಕಿಗೆ ಸುಲಭದ ದಾರಿ ಇನ್ನಷ್ಟು ಬರೆಸುವುದೇ ಆಗಿರುತ್ತದೆ.

ಪೋಷಕರೊಡನೆ ಮಾತಾಡುವುದು ಶಿಕ್ಷಕರ ಔದಾರ್ಯವಾಗಿರದೆ ಕಾನೂನಿನ ಕರ್ತವ್ಯವೂ ಆಗಿದೆ: ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿಗಳ ಕುರಿತು ಪೋಷಕರಿಗೆ ತಿಳಿಸಲು ನಿಯಮಿತವಾಗಿ ಸಭೆ ನಡೆಸಬೇಕೆಂದು 24ನೆಯ ಸೆಕ್ಷನ್ ವಿಧಿಸುತ್ತದೆ. ಆದರೆ ಒಬ್ಬೊಬ್ಬ ಪೋಷಕರಿಗೆ ಹತ್ತು ನಿಮಿಷ ಕೊಟ್ಟರೆ 40 ಮಕ್ಕಳಿಗೆ ಆರು ಗಂಟೆ ನಲವತ್ತು ನಿಮಿಷ ಬೇಕಾಗುವುದರಿಂದ ಸಿಗುವ ಸಮಯ ಅದಕ್ಕಿಂತ ಕಡಿಮೆಯೇ. ಆ ಕೆಲವು ನಿಮಿಷಗಳಲ್ಲಿ ‘ಹೇಗೆ ಓದುತ್ತಾನೆ’ ಎಂದು ಕೇಳಿದರೆ ‘ಇನ್ನೂ ಗಮನ ಕೊಡಬೇಕು’ ಎಂಬ ಉತ್ತರ ಮಾತ್ರ ಬರುತ್ತದೆ. ಯಾವ ಬಗೆಯ ಲೆಕ್ಕದಲ್ಲಿ ಎಡವುತ್ತಾನೆ, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುತ್ತಾನೆಯೇ, ಯಾರ ಜೊತೆ ಆಡುತ್ತಾನೆ, ಗೊತ್ತಿಲ್ಲದಿದ್ದಾಗ ಕೈ ಎತ್ತಿ ಕೇಳುತ್ತಾನೆಯೇ ಎಂದು ಬಿಡಿಸಿ ಕೇಳಿದರೆ ಶಿಕ್ಷಕಿಗೂ ಹೇಳಲು ವಿಷಯವಿರುತ್ತದೆ. ಹೋಂವರ್ಕ್ ಮಿತಿ ಮೀರಿದಾಗ ಅದನ್ನು ತಾವೇ ಬರೆದುಕೊಡುವುದಕ್ಕಿಂತ, ಅರ್ಧ ಗಂಟೆಗೆ ಇಷ್ಟಾಯಿತು, ಉಳಿದದ್ದಕ್ಕೆ ಮಗು ದಣಿದಿತ್ತು ಎಂದು ಡೈರಿಯಲ್ಲಿ ಬರೆದು ಸಹಿ ಮಾಡುವುದು ಪ್ರಾಮಾಣಿಕವೂ ಉಪಯುಕ್ತವೂ ಆದ ಕ್ರಮ, ಏಕೆಂದರೆ ಪೋಷಕರು ಮಾಡಿಕೊಟ್ಟ ಕೆಲಸ ಮಗುವಿಗೆ ಆ ಪಾಠ ಬರುತ್ತದೆ ಎಂಬ ಸುಳ್ಳು ಸುದ್ದಿಯನ್ನು ಶಾಲೆಗೆ ತಲುಪಿಸುತ್ತದೆ.

ಎರಡು ವಿಷಯಗಳಲ್ಲಿ ಮಾತ್ರ ಹೊಂದಾಣಿಕೆಗೆ ಎಡೆಯಿಲ್ಲ. 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಹೊಡೆಯುವುದು ಮಾತ್ರವಲ್ಲ, ತರಗತಿಯ ಮುಂದೆ ಹೀಯಾಳಿಸುವುದೂ ಅದರ ವ್ಯಾಪ್ತಿಗೆ ಬರುತ್ತದೆ. 28ನೆಯ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸಬಾರದು ಎನ್ನುತ್ತದೆ; ಹಗಲು ಕಲಿಸುವವರೇ ಸಂಜೆ ಹಣ ಪಡೆದು ಕಲಿಸಿದರೆ, ಹಗಲಿನ ಪಾಠ ಅರೆಬರೆಯಾಗುವುದರಲ್ಲಿ ಅವರಿಗೆ ಲಾಭವಿರುತ್ತದೆ ಎಂಬುದು ಅದರ ಹಿಂದಿನ ವಿವೇಕ. ಶಾಲೆ ಕಿವಿಗೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರು, ಮತ್ತು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ದೂರು ಸಲ್ಲಿಸಬಹುದಾದ ಕಡೆಗಳು.

ಸೇರಿಸುವ ಮೊದಲು ಕೇಳಬೇಕಾದದ್ದು

ಅರ್ಜಿ ತುಂಬುವ ಮೊದಲು ಪರಿಶೀಲಿಸಬೇಕಾದ ಮೊದಲ ಸಂಗತಿ ಶಾಲೆಯ ಮಾನ್ಯತೆ. ಸರ್ಕಾರದ ಮಾನ್ಯತೆ ಮತ್ತು ಮಂಡಳಿಯ ಸಂಯೋಜನೆ ಎರಡು ಬೇರೆ ವಿಷಯಗಳು: ಶಾಲೆ ನಡೆಸಲು ಅನುಮತಿ ಕೊಡುವುದು ಸರ್ಕಾರ, ಸಿಬಿಎಸ್‌ಇ ಅಥವಾ ಐಸಿಎಸ್‌ಇ ಪಠ್ಯಕ್ರಮದ ಪರೀಕ್ಷೆಗೆ ಮಕ್ಕಳನ್ನು ಕೂರಿಸಲು ಸಂಯೋಜನೆ ಕೊಡುವುದು ಆಯಾ ಮಂಡಳಿ. ಸಂಯೋಜನೆ ಸಿಗದೆಯೇ ಫಲಕದಲ್ಲಿ ಮಂಡಳಿಯ ಹೆಸರು ಬರೆಸಿಕೊಂಡ ಶಾಲೆಗಳಿಂದ ಪೋಷಕರು ಮೋಸಹೋದ ಪ್ರಕರಣಗಳು ಬೆಂಗಳೂರಿನಲ್ಲೇ ನಡೆದಿವೆ. ಆದ್ದರಿಂದ ಮಾನ್ಯತೆ ಯಾವ ತರಗತಿಯವರೆಗೆ, ಸಂಯೋಜನೆಯ ಸಂಖ್ಯೆ ಯಾವುದು, ಶಾಲೆಯನ್ನು ಗುರುತಿಸುವ 11 ಅಂಕಿಗಳ ಯುಡೈಸ್ ಸಂಖ್ಯೆ ಯಾವುದು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯುವುದು ಒಳ್ಳೆಯದು. ಯಾವ ಮಂಡಳಿ ಎಂಬ ಚರ್ಚೆಗೆ ವ್ಯಯವಾಗುವಷ್ಟು ಚಿಂತೆಗೆ 1ರಿಂದ 5ನೆಯ ತರಗತಿಯ ಮಟ್ಟಿಗೆ ಅದು ಅರ್ಹವೂ ಅಲ್ಲ. ಆ ಪ್ರಾಯದಲ್ಲಿ ಕಲಿಯಬೇಕಾದ ಓದು, ಬರಹ, ಲೆಕ್ಕ, ಮಾತು ಎಲ್ಲ ಕಡೆಯೂ ಒಂದೇ.

ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಬೋಧನೆಗೆ ಸಂಬಂಧಿಸಿದವು. ಒಂದು ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳಿದ್ದಾರೆ, ಪ್ರಾಥಮಿಕ ತರಗತಿಯ ಶಿಕ್ಷಕರು ಸರಾಸರಿ ಎಷ್ಟು ವರ್ಷದಿಂದ ಇಲ್ಲೇ ಇದ್ದಾರೆ, ಹೋಂವರ್ಕ್‌ಗೆ ಶಾಲೆ ಇಟ್ಟುಕೊಂಡ ಮಿತಿ ಎಷ್ಟು, ಗ್ರಂಥಾಲಯದ ಪುಸ್ತಕವನ್ನು 1ನೆಯ ತರಗತಿಯ ಮಗು ಮನೆಗೆ ಒಯ್ಯಬಹುದೇ, ಆಟದ ಪೀರಿಯಡ್ ಪರೀಕ್ಷೆಯ ತಿಂಗಳಲ್ಲೂ ಉಳಿಯುತ್ತದೆಯೇ ಎಂದು ಕೇಳಬಹುದು. ಇವೆಲ್ಲಕ್ಕಿಂತ ಹೆಚ್ಚು ತಿಳಿಸುವ ಪ್ರಶ್ನೆ ಇನ್ನೊಂದಿದೆ: ಓದುವುದು ನಿಧಾನವಾದ ಮಗುವಿಗಾಗಿ ಕಳೆದ ವರ್ಷ ಶಾಲೆ ಏನು ಮಾಡಿತು? ಸಂಜೆಯ ಟ್ಯೂಷನ್‌ಗೆ ಹಾಕಲು ಹೇಳಿದೆವು, ಬೇರೆ ಶಾಲೆ ನೋಡಿಕೊಳ್ಳಲು ಸೂಚಿಸಿದೆವು ಎಂಬ ಉತ್ತರ ಬಂದರೆ ಆ ಶಾಲೆ ತನ್ನ ಕೀರ್ತಿಗೆ ಆಯ್ಕೆಯನ್ನೇ ನಂಬಿದೆ ಎಂದು ತಿಳಿಯಬಹುದು. ಸೋಸದೆಯೂ ಶಾಲೆ ನಡೆಸಬಹುದು ಎಂಬುದಕ್ಕೆ ಉದಾಹರಣೆಗಳು ದೂರವಿಲ್ಲ. ಕೇಂದ್ರೀಯ ವಿದ್ಯಾಲಯಗಳು 1ನೆಯ ತರಗತಿಗೆ ಪರೀಕ್ಷೆ, ಸಂದರ್ಶನಗಳನ್ನು ನಡೆಸದೆ ಪೋಷಕರ ಉದ್ಯೋಗದ ವರ್ಗ ಮತ್ತು ಲಾಟರಿಯ ಆಧಾರದಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಸೇರಿದ ಶಾಲೆ ಸರಿಹೊಂದದಿದ್ದರೆ ಬದಲಿಸುವುದೂ ಸೋಲಲ್ಲ. ವರ್ಗಾವಣೆ ಪ್ರಮಾಣಪತ್ರ, ಅಂದರೆ ಟಿ.ಸಿ., ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಸೇರಿಸಿಕೊಳ್ಳಲು ನಿರಾಕರಿಸುವಂತಿಲ್ಲ.

ಕೊನೆಯದಾಗಿ ಗಮನಿಸಬೇಕಾದ ವಿಪರ್ಯಾಸವೊಂದಿದೆ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಕೆಲಸ ಮಾಡುತ್ತಿವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕು ಎಂದು 2009ರ ಕಾಯ್ದೆಯೂ ಹೇಳಿತು. ಅನುದಾನರಹಿತ ಶಾಲೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಶುಲ್ಕ ಕಟ್ಟದ ಪೋಷಕರಿಗೆ ಕಾನೂನು ಕೊಟ್ಟ ಬಹುಮತ ಲಕ್ಷಗಟ್ಟಲೆ ಕಟ್ಟುವವರಿಗಿಲ್ಲ. ಒಂದೇ ಸೀಟಿಗೆ ಪರಸ್ಪರ ಪ್ರತಿಸ್ಪರ್ಧಿಗಳಾಗಿ ಶಾಲೆಗೆ ಬಂದವರು ಒಳಗೆ ಸೇರಿದ ಮೇಲೂ ಒಬ್ಬೊಬ್ಬರಾಗಿಯೇ ಉಳಿದು, ಹೆಚ್ಚು ಮಾತಾಡಿದರೆ ಮಗುವಿಗೆ ತೊಂದರೆಯಾದೀತೆಂದು ಸುಮ್ಮನಿರುತ್ತಾರೆ. ಆದರೆ ಹೋಂವರ್ಕ್ ವಾರಕ್ಕೆ ಎರಡು ಗಂಟೆ ಮೀರಬಾರದು, ಚೀಲ ಎರಡು ಕಿಲೊ ದಾಟಬಾರದು, ಎಲ್‌ಕೆಜಿಗೆ ಲಾಟರಿಯಿಂದ ಮಕ್ಕಳನ್ನು ತೆಗೆದುಕೊಳ್ಳಿ ಎಂಬ ಬೇಡಿಕೆಯನ್ನು ಒಬ್ಬ ಪೋಷಕರು ಇಟ್ಟರೆ ಅದು ದೂರಾಗುತ್ತದೆ, 40 ಮಕ್ಕಳ ಪೋಷಕರು ಒಟ್ಟಾಗಿ ಸಹಿ ಹಾಕಿ ಇಟ್ಟರೆ ಅದು ಶಾಲೆ ಉತ್ತರಿಸಲೇಬೇಕಾದ ಪ್ರಶ್ನೆಯಾಗುತ್ತದೆ. ಬೇಕಾದ ನಿಯಮಗಳಲ್ಲಿ ಹೆಚ್ಚಿನವನ್ನು ಈಗಾಗಲೇ ಬರೆದಿಟ್ಟಾಗಿದೆ.